ತೋಳು ಮಾತ್ರ

ಕೊನೆಯ ಹುಕ್ಕು ಮಾತ್ರ ಉಳಿದಿತ್ತು. ನಯನ ಅದನ್ನು ಎರಡು ಸಲ ಹಾಕಿ ಎರಡು ಸಲವೂ ಬಿಚ್ಚಿದ್ದಳು. ಹೊಲಿಗೆ ಸರಿಯಾಗಿಯೇ ಇತ್ತು, ಬಿಚ್ಚಲು ಕಾರಣವೇನೂ ಇರಲಿಲ್ಲ. ಇದು ಮುಗಿದರೆ ರವಿಕೆ ಮುಗಿಯಿತು, ರವಿಕೆ ಮುಗಿದರೆ ಶಿಕಾರಿಪುರಕ್ಕೆ ಹೊರಡಬೇಕು, ಹೊರಟರೆ ಮೊದಲು ಕಂಪ್ಯೂಟರ್ ಸೆಂಟರಿನ ಮೆಟ್ಟಿಲು ಹತ್ತಬೇಕು, ಹತ್ತಿದರೆ ಕೇಳಲೇಬೇಕು. ಒಂದು ಹುಕ್ಕಿನ ಹಿಂದೆ ಇಷ್ಟೆಲ್ಲ ಸಾಲಾಗಿ ನಿಂತಿತ್ತು. ಮೆಷಿನ್ನಿನ ಮೇಲೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಗುಂಡಿ, ದಾರದ ಉಂಡೆ, ಸೀಮೆಸುಣ್ಣ, ಅವುಗಳ ಅಡಿಯಲ್ಲಿ ರವಿಕೆ ಹೊಲಿಸಿದ ಗಂಗಾಶ್ರೀಯ ಫೋಟೋ. ಮುಖ ಕೆಳಗೆ ಮಾಡಿ ಇಟ್ಟಿದ್ದಳು. ಹೋದ ಮಂಗಳವಾರದಿಂದ ಅದನ್ನು ಹಾಗೆಯೇ ಇಡುವುದು.

"ಎಂತ ಮಗಾ, ಬೆಳಗ್ಗಿಂದ ಅದೊಂದು ಜಂಪರ್ ಹಿಡ್ಕಂಡು ಕೂತಿದೀಯಲ್ಲ," ಎಂದಳು ಅವ್ವ ವನಜಮ್ಮ ಒಳಗಿನಿಂದ. "ಬಸ್ಸಿನವ ನಿಂಗೆ ಬಾವನಾ, ಕಾಯಕ್ಕೆ?"

ನಯನ ಸೂಜಿಗೆ ದಾರ ಪೋಣಿಸಿದಳು. ಹುಕ್ಕು ಹಾಕುವಾಗ ಅವಳು ಯಾವಾಗಲೂ ಮಾತಾಡುವುದಿಲ್ಲ. ಎಂಟನೇ ಕ್ಲಾಸಿನಲ್ಲಿ ಡ್ರಿಲ್ ಪೀರಿಯಡ್ಡಿನಲ್ಲಿ ಕೈ ಮೇಲೆತ್ತಿ ಎಂದು ಮಾಸ್ತರು ಕೂಗಿದಾಗ, ಅಕ್ಕನ ಹಳೆಯ ಅಂಗಿಯ ಬೆನ್ನಿನ ಹುಕ್ಕುಗಳು ಒಂದರ ಹಿಂದೊಂದು ಕಿತ್ತುಹೋಗಿದ್ದವು. ಹಿಂದಿನ ಸಾಲಿನ ಹುಡುಗರು ನಕ್ಕರು, ಆಮೇಲೆ ಹುಡುಗಿಯರೂ ನಕ್ಕರು, ಮಾಸ್ತರು ನಗು ತಡೆದುಕೊಂಡು ಆಕಾಶ ನೋಡಿದರು. ಕೈ ಕೆಳಗಿಳಿಸು ಎಂದು ಯಾರೂ ಹೇಳದ್ದರಿಂದ ಅವಳು ಕೈ ಎತ್ತಿಕೊಂಡೇ ನಿಂತಿದ್ದಳು. ಮರುದಿನ ಶಾಲೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಯಾಕೆ ಎಂದು ಕೇಳಲು ಯಾರೂ ಬರಲಿಲ್ಲ. ಈಗ ಅವಳು ಹಾಕಿದ ಹುಕ್ಕು ಬಟ್ಟೆ ಹರಿದರೂ ಕೀಳುವುದಿಲ್ಲ ಎಂದು ಶಿಕಾರಿಪುರದ ಹೆಂಗಸರು ಹೇಳುತ್ತಾರೆ. ಗಂಗಾಶ್ರೀಯ ತಾಯಿ ರಾಜೇಶ್ವರಮ್ಮನಂತೂ ಗಂಡಸು ಟೈಲರನ ಕೈಗೆ ಮಗಳ ಅಳತೆ ರವಿಕೆಯನ್ನೂ ಕೊಡುವವರಲ್ಲ. ಅಳತೆ ರವಿಕೆ ಎಂದರೆ ಮೈಯಲ್ಲವೇ, ಅವನು ಅದನ್ನು ಹರವಿ ಟೇಪು ಹಿಡಿಯುವುದು ಮೈಗೆ ಹಿಡಿದ ಹಾಗಲ್ಲವೇ, ಎನ್ನುತ್ತಾರೆ. ಅದಕ್ಕೇ ವಾರಕ್ಕೆರಡು ದಿನ ಸೊರಬದಿಂದ ಬಂದು, ಮನೆಮನೆಯಿಂದ ಬಟ್ಟೆ ಒಯ್ದು ಹೊಲಿದು ತರುವ ನಯನ ಅವರಿಗೆ ಬೇಕು. ಇವಳು ತಗ್ಗಿಸಿದ ತಲೆ ಎತ್ತುವುದಿಲ್ಲ, ಒಂದು ಮನೆಯ ಮಾತು ಇನ್ನೊಂದು ಮನೆಗೆ ಒಯ್ಯುವುದಿಲ್ಲ. ನಂಬಿಕೆಯ ಹುಡುಗಿ.

ಹುಕ್ಕು ಹಾಕಿ ದಾರ ಕಚ್ಚಿದಳು. ಫೋಟೋವನ್ನು ರವಿಕೆಯ ಮಡಿಕೆಯೊಳಗೆ ಸೇರಿಸಿದಳು.

ಶಿರಾಳಕೊಪ್ಪದವರೆಗೆ ನಿಂತೇ ಬಂದು, ಅಲ್ಲಿ ಬಸ್ಸು ಖಾಲಿಯಾದ ಮೇಲೆ ಕಿಟಕಿಯ ಪಕ್ಕ ಕೂತಳು. ಚೀಲ ತೊಡೆಯ ಮೇಲಿತ್ತು. ಮೊದಲ ಸಲ ಆ ಸೆಂಟರಿಗೆ ಹೋದಾಗಲೂ ಹೀಗೇ ಚೀಲ ಇತ್ತು. ಮೆಟ್ಟಿಲ ಬುಡದಲ್ಲಿ ನಿಂತಿದ್ದ, ಸೆಂಟರ್ ನಡೆಸುವ ಸಿದ್ಧಲಿಂಗೇಶ್ ಅವಳ ಚೀಲದಿಂದ ಇಣುಕುತ್ತಿದ್ದ ಬಟ್ಟೆಯ ಚೂರು ನೋಡಿ, "ಏನಮ್ಮ, ಹೊಲೀತೀಯೇನು? ಕಂಪ್ಯೂಟರಿಗೆ ಗೌಸು ಹೊಲ್ದು ಕೊಡ್ತೀಯಾ?" ಎಂದಿದ್ದ. ದಾವಣಗೆರೆ ಕಡೆಯವನು, ಬಂದು ಮೂರು ವರ್ಷವಾಗಿತ್ತು. ಊರಿನವರ ಪರಿಚಯ ಅವನಿಗೆ ಅಷ್ಟಕ್ಕಷ್ಟೆ, ಕಲಿಯಲು ಬರುವ ಹುಡುಗರಷ್ಟೇ ಗೊತ್ತು. ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋದ ಹಾಗೆ ಒಳಗೆ ಹೋಗಿ, ಅವಳು ನಾಲ್ಕು ಕಂಪ್ಯೂಟರುಗಳ ಅಳತೆ ತೆಗೆದಳು. ಹಿಂದಿನ ಉಬ್ಬಿಗೆ ನೆರಿಗೆ ಕೊಟ್ಟು, ಅಂಚಿಗೆ ಲೇಸು ಇಟ್ಟು ಗವಸು ಹೊಲಿದಳು. ಹಾಕಿ ನೋಡಿದ ಅವನು ಬಹಳ ಹೊತ್ತು ನಕ್ಕ. "ಲಂಗ ಉಟ್ಟಂಗೈತಲ್ಲಮ್ಮ!" ಆಮೇಲೆ ನಗು ನಿಲ್ಲಿಸಿ ಕೇಳಿದ್ದು, "ಗೊಂಬೆಗೆ ಬಟ್ಟೆ ಬರೀತೀಯಾ?"

ಫೋನಿನ ತಂತಿಯೊಳಗಿನಿಂದ ಹೋಗಿ ಸೇರುವ ಒಂದು ಮನೆ ಇದೆ ಎಂದು ಅವನು ತೋರಿಸಿದ. ಪರದೆಯ ಮೇಲೆ ಒಂದು ಬಣ್ಣದ ಕೋಣೆ, ಸೋಫಾ, ಕಿಟಕಿ, ಕಿಟಕಿಯಾಚೆ ಸಮುದ್ರ. ಕೋಣೆಯ ತುಂಬ ಬೆರಳುದ್ದದ ಆಕಾರಗಳು. ಬೆಕ್ಕಿನ ಮುಖದ್ದು, ರೆಕ್ಕೆ ಇರುವುದು, ಬರೀ ಒಂದು ಜೋಡಿ ಕಣ್ಣು. ಪ್ರತಿಯೊಂದರ ಹಿಂದೆಯೂ ಎಲ್ಲೋ ಒಬ್ಬರು ಮನುಷ್ಯರು ಕೂತಿದ್ದಾರಂತೆ. ಅವರು ಮೈ ಬಿಟ್ಟು ಈ ಆಕಾರ ಹಾಕಿಕೊಂಡು ಇಲ್ಲಿಗೆ ಬರುತ್ತಾರಂತೆ. "ಅವತಾರ ಅಂತಾನೇ ಅಂತಾರಮ್ಮ ಅವರೂನು, ನಮ್ಮ ಪದಾನೇ ಒಯ್ದಾರ." ಮೈ ಬದಲಾದರೂ ಅವರಿಗೆ ಬಟ್ಟೆಯ ಆಸೆ ಹೋಗಿರಲಿಲ್ಲ. ಯಾರೋ ಒಬ್ಬಾಕೆ ಸೀರೆ ಬೇಕು ಎಂದು ಕೇಳಿದ್ದಳು, ಇವನಿಗೆ ಬರೆಯಲು ಬರಲಿಲ್ಲ. ನಯನ ಚೌಕಳಿ ಪುಸ್ತಕ ಕೊಂಡುಕೊಂಡಳು. ಶಾಲೆಯಲ್ಲಿ ಲೆಕ್ಕ ಬರೆಯುತ್ತಿದ್ದಂಥದೇ ಪುಸ್ತಕ. ಒಂದು ಚೌಕಕ್ಕೆ ಒಂದು ಬಣ್ಣ. ಕಸೂತಿ ಗೊತ್ತಿದ್ದವರಿಗೆ ಅದು ಕಷ್ಟವೇನಲ್ಲ. ಸೊರಬದ ಮನೆಯಲ್ಲಿ ಕೂತು ಕ್ರಯಾನಿನಲ್ಲಿ ತುಂಬುತ್ತಿದ್ದಳು, ಇಲ್ಲಿ ಬಂದು ಅವನು ಹೇಳಿಕೊಟ್ಟ ಹಾಗೆ ಮೌಸು ಎನ್ನುವ ಇಲಿಯನ್ನು ಒತ್ತಿ ಒತ್ತಿ ಪರದೆಗೆ ಇಳಿಸುತ್ತಿದ್ದಳು. ನೇರಳೆ ಮೈಯ, ಕೆಂಪು ಸೆರಗಿನ ಇಳಕಲ್ ಸೀರೆ ಬರೆದದ್ದು ಮೊದಲು. ಅದನ್ನು ಉಟ್ಟುಕೊಂಡ ಆಕಾರ ಕೋಣೆಯ ನಡುವೆ ಬಂದು ನಿಂತಾಗ ಉಳಿದವೆಲ್ಲ ಸುತ್ತ ಸೇರಿದವು. ಸಿದ್ಧಲಿಂಗೇಶ್ ಓದಿ ಹೇಳಿದ, "ಯಾರು ಹೊಲ್ದಿದ್ದು ಅಂತ ಕೇಳ್ತಾರ." ನಯನಳ ಕಿವಿ ಬಿಸಿಯಾಯಿತು. ಅವಳ ಹತ್ತೊಂಬತ್ತು ವರ್ಷದಲ್ಲಿ ಯಾರು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ತಿಂಗಳ ಮೇಲೆ ಶುಭಾಶಯದ ಕಾರ್ಡಿನೊಳಗೆ ಮಡಿಸಿಟ್ಟ ಎರಡು ಹಸಿರು ಡಾಲರ್ ನೋಟು ಟಪಾಲಿನಲ್ಲಿ ಬಂದವು. ಅವನು ಒಂದನ್ನು ಅವಳಿಗೆ ಕೊಟ್ಟ. ಅವಳು ಅದನ್ನು ಬದಲಾಯಿಸಲಿಲ್ಲ, ಡಬ್ಬಿಯಲ್ಲಿಟ್ಟಳು.

ಎಲ್ಲ ಬಂತು, ಬುಗ್ಗೆ ತೋಳು ಬರಲಿಲ್ಲ. ಚೌಕದಲ್ಲಿ ಉಬ್ಬು ಮೂಡುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಶ್ರಾವಣದಲ್ಲಿ ಗಂಗಾಶ್ರೀ ಈ ಫೋಟೋ ಕೊಟ್ಟಿದ್ದಳು. ಗಂಡಿನ ಕಡೆಯವರಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ತೋಟದ ಚಿತ್ರದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ತಲೆ ಸ್ವಲ್ಪ ಎಡಕ್ಕೆ. "ಇದ್ರಾಗಿರೋ ಥರಾನೇ ತೋಳು ಇಡು ನೋಡು, ಈ ಬ್ಲೌಸು ಈಗ ಬಿಗಿಯಾಗೈತಿ," ಎಂದಿದ್ದಳು. ಅಳತೆಗೆ ಹಳೆಯ ರವಿಕೆ, ಮಾದರಿಗೆ ಫೋಟೋ, ಹಾಗೆ ಕೊಡುವವರು ಬಹಳ ಜನ. ನಯನ ಆ ಫೋಟೋವನ್ನು ಸೆಂಟರಿಗೆ ಒಯ್ದಳು. ಅವನು ಹೊಸದಾಗಿ ತಂದಿದ್ದ ಯಂತ್ರದ ಮುಚ್ಚಳ ಎತ್ತಿ ಫೋಟೋ ಕವುಚಿ ಹಾಕಿದಾಗ, "ತೋಳು ಮಾತ್ರ ತಗೊಳ್ಳಿ ಸಾರ್," ಎಂದಳು. ಹೇಳಿದಳು, ಹೇಳಿದ್ದು ನಿಜ. ಮುಚ್ಚಳದ ಸಂದಿನಲ್ಲಿ ಒಂದು ಬಿಳಿ ಬೆಳಕು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಹೋಯಿತು. ಪರದೆಯ ಮೇಲೆ ಮೊದಲು ಕೂದಲು, ಆಮೇಲೆ ಹಣೆ, ಕಣ್ಣು, ಗಂಗಾಶ್ರೀ ಮೇಲಿನಿಂದ ಕೆಳಕ್ಕೆ ಇಳಿದು ಬಂದಳು. "ಮುಖಾನೂ ಚಲೋ ಐತಲ್ಲ, ಇದರ ಮೇಲೇ ಉಡಿಸಿ ತೋರಿಸೋಣೇನು?" ಎಂದ ಅವನು. ಬೇಡ ಎನ್ನಲು ಒಂದು ಗಳಿಗೆ ಇತ್ತು. ಆ ಗಳಿಗೆಯಲ್ಲಿ ನಯನ ಪರದೆ ನೋಡುತ್ತಿದ್ದಳು. ಅವಳ ಸೀರೆ ಬೆಕ್ಕಿನ ಮುಖದ ಆಕಾರಗಳ ಮೇಲೆ ಎಂದೂ ಅಷ್ಟು ಚೆನ್ನಾಗಿ ಕೂತಿರಲಿಲ್ಲ. ಅವಳು ಸುಮ್ಮನಿದ್ದಳು. ಬಸ್ಸಿನಲ್ಲಿ ಕೂತು ಆ ಗಳಿಗೆಯನ್ನು ಮತ್ತೆ ಮತ್ತೆ ತೆರೆದು ನೋಡಿದಳು. ಪ್ರತಿ ಸಲವೂ ಅದರೊಳಗೆ ಅವಳು ಸುಮ್ಮನೇ ಇದ್ದಳು.

ಮತ್ತೆ ಹೋದ ಮಂಗಳವಾರ. ಸಿದ್ಧಲಿಂಗೇಶ್ ಯಾರಿಗೋ ಫೀಸಿನ ರಸೀದಿ ಬರೆಯಲು ಆಚೆ ಹೋಗಿದ್ದಾಗ, ತೆರೆದಿದ್ದ ಆ ಕೋಣೆಯ ಮೂಲೆಯಲ್ಲಿ ಅವಳು ಕಂಡದ್ದು. ಎಡಕ್ಕೆ ಓರೆಯಾದ ತಲೆ, ಉಗುರಿನಷ್ಟು ಮುಖ, ಅದೇ ಜಡೆ. ಕುತ್ತಿಗೆಯ ಕೆಳಗೆ ಸೀರೆ ಇರಲಿಲ್ಲ, ರವಿಕೆ ಇರಲಿಲ್ಲ, ಏನೂ ಇರಲಿಲ್ಲ. ಯಾರದ್ದೋ ಬೇರೆ ಮೈ ತಂದು ಅಂಟಿಸಿದ್ದರು, ಬಣ್ಣ ಕೂಡ ಹೊಂದಿರಲಿಲ್ಲ. ಅದು ಸೋಫಾದ ಹತ್ತಿರ ಹೋಯಿತು, ತಿರುಗಿ ಬಂತು, ನಿಂತಿತು.

ಸೆಂಟರಿನಲ್ಲಿ ಇವತ್ತು ಕ್ಲಾಸು ಇರಲಿಲ್ಲ. ಸಿದ್ಧಲಿಂಗೇಶ್ ಚಹಾ ಕುಡಿಯುತ್ತಿದ್ದ. "ಬಾರಮ್ಮ, ಏನು ತಂದೀ?" ಎಂದ, ಚೌಕಳಿ ಪುಸ್ತಕಕ್ಕೆ ಕೈ ಚಾಚಿದ. ಅವಳು ಪುಸ್ತಕ ಕೊಡಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಚಪ್ಪಲಿಯ ಜೊತೆ ಹೊರಗೇ ಉಳಿದಿತ್ತು.

"ಸಾರ್, ಆ ಫೋಟೋದ್ದು ಅಳಿಸಿಬಿಡಿ."

"ಯಾವುದು?"

"ಆ ಅಕ್ಕಂದು."

"ಯಾಕಮ್ಮ, ಏನಾತು?"

ಅವಳು ಹೇಳಲು ಹೋದಳು. "ಅವರು ಬಟ್ಟೆ..." ಎಂದಳು, ಮುಂದೆ ಬರಲಿಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿತ್ತು ಎನ್ನುವುದು ಅವನು ಲೋಟದ ಕಡೆ ನೋಡಿದ್ದರಲ್ಲಿ ತಿಳಿಯಿತು. ಕೆಟ್ಟವನಲ್ಲ. ಅವಳ ಜೊತೆ ಎಂದೂ ಹಗುರವಾಗಿ ಮಾತಾಡಿದವನಲ್ಲ, ಅವಳು ಬಂದಾಗ ಬಾಗಿಲು ತೆರೆದೇ ಇಡುತ್ತಿದ್ದ. ಬೈಯಲು ಬರುವಂಥವನಾಗಿದ್ದರೆ ಎಷ್ಟು ಹಗುರವಿತ್ತು ಎಂದು ನಯನಳಿಗೆ ಅನ್ನಿಸಿತು. ಅವನು ತನ್ನ ಕಂಪ್ಯೂಟರಿನಲ್ಲಿದ್ದ ಗಂಗಾಶ್ರೀಯನ್ನು ಹುಡುಕಿ ತೆಗೆದ. ಅಳಿಸಲೇ ಎಂದು ಅದು ಕೇಳಿತು, ಹೌದು ಎಂದು ಒತ್ತಿದ. ಕಸದ ಬುಟ್ಟಿಯ ಚಿತ್ರ ತೆರೆದು ಅಲ್ಲಿಂದಲೂ ಅಳಿಸಿದ. "ಹೋತು ನೋಡು." ನಯನ ಉಸಿರು ಬಿಟ್ಟಳು. ಇಷ್ಟು ಸುಲಭವಿತ್ತೇ, ಮೂರು ರಾತ್ರಿ ನಿದ್ದೆ ಕೆಟ್ಟದ್ದು ಇದಕ್ಕೇ? "ಈಗ ಅಲ್ಲಿ ಇರಲ್ಲ ಅಲ್ವಾ ಸಾರ್?" ಎಂದಳು.

ಅವನು ಅವಳನ್ನು ನೋಡಿದ. ಶಾಲೆಯಲ್ಲಿ ಮಾಸ್ತರು ಆಕಾಶ ನೋಡುವ ಮೊದಲು ಹೀಗೇ ನೋಡಿದ್ದರು. "ಹಂಗಲ್ಲಮ್ಮ," ಎಂದು ಫೋನಿನ ತಂತಿ ಸಿಕ್ಕಿಸಿದ. ಶಿವಮೊಗ್ಗಕ್ಕೆ ಲೈನು ಸಿಗಲು ಮೂರು ಸಲ ಬೇಕಾಯಿತು. ಮೋಡೆಮ್ಮಿನ ಡಬ್ಬಿ ಕಿರುಚಿ, ಗೊರಗುಟ್ಟಿ, ಸುಮ್ಮನಾಯಿತು. ಕೋಣೆ ಮೇಲಿನಿಂದ ಕೆಳಕ್ಕೆ ಇಳಿಯಿತು. ಕಿಟಕಿ, ಸಮುದ್ರ, ಸೋಫಾ. ಸೋಫಾದ ಪಕ್ಕ ಗಂಗಾಶ್ರೀ ಇದ್ದಳು. ಬಾಗಿಲ ಹತ್ತಿರ ಇನ್ನೊಬ್ಬಳು ಗಂಗಾಶ್ರೀ ಇದ್ದಳು. ಅವಳಿಗೆ ಯಾರೋ ಕೊಂಬು ಬರೆದಿದ್ದರು.

"ಅಲ್ಲಿ ಯಾರರೇ ಒಂದು ಸಲ ಒತ್ತಿದ್ರ ಮುಗೀತು, ಅದು ಅವರ ಹತ್ರ ಉಳೀತದ. ನಾವು ಅಳಿಸೋದು ನಮ್ಮದಷ್ಟೇ. ಅವರು ಇಟ್ಕೊಂಡಿದ್ದು ಅವರದು."

"ಅವ್ರಿಗೆ ಹೇಳಿ ಸಾರ್. ಅದು ಒಬ್ಬರ ಮುಖ ಅಂತ ಹೇಳಿ."

"ಯಾರಿಗಂತ ಹೇಳ್ಲಿ? ಅದನ್ನ ಹಾಕ್ಕೊಂಡಿರೋದು ಹೆಣ್ಣೋ ಗಂಡೋ, ಮುದುಕನೋ ಹುಡುಗನೋ. ಬೇಕಂದ್ರ ಹೇಳ್ತೀನಿ ತಡಿ." ಅವನು ಬೆರಳಿನಲ್ಲಿ ಅಕ್ಷರ ಹುಡುಕುತ್ತ ಬರೆದ. ಉತ್ತರ ಬಂತು. ನಯನಳಿಗೆ ಆ ಇಂಗ್ಲಿಷು ಓದಲು ಬರಲಿಲ್ಲ, ಹ ಹ ಎನ್ನುವ ಅಕ್ಷರಗಳು ಮಾತ್ರ ಗೊತ್ತಾದವು. ಅವನು ಅದನ್ನು ಓದಿ ಹೇಳಲಿಲ್ಲ.

ಆಗ ಅವಳಿಗೆ ತೋಚಿದ್ದು ಒಂದೇ. ಚೀಲದಿಂದ ಪುಸ್ತಕ ತೆಗೆದು, ಹಿಂದಿನ ವಾರ ಬರೆದಿದ್ದ ಸೀರೆಯ ಹಾಳೆ ತಿರುಗಿಸಿದಳು. ಹಸಿರು ಮೈ, ಅರಿಸಿನ ಅಂಚು. "ಇದು ಕೊಡಿ ಸಾರ್. ದುಡ್ಡು ಬೇಡ. ಸುಮ್ಮನೆ ಕೊಡಿ." ಅವನು ಅವಳ ಮುಖ ನೋಡಿ, ಕುರ್ಚಿ ಬಿಟ್ಟುಕೊಟ್ಟ. ನಯನ ಇಲಿ ಹಿಡಿದಳು. ಒಂದೊಂದೇ ಚೌಕ. ಬಣ್ಣ ಅಂಚು ದಾಟಿದರೆ ಅಳಿಸಿ ಮತ್ತೆ ತುಂಬುತ್ತಿದ್ದಳು. ಲೈನಿನ ದುಡ್ಡು ಏರುತ್ತಿರುವುದು ಗೊತ್ತಿದ್ದರೂ ಅವನು ಬೇಗ ಎನ್ನಲಿಲ್ಲ. ಕತ್ತಿನವರೆಗೆ ಏರಿಸಿದ ರವಿಕೆ, ಮೊಣಕೈ ದಾಟಿದ ತೋಳು, ಹೆಗಲಿನ ಮೇಲೆ ಹೊದ್ದ ಸೆರಗು. ಅಷ್ಟು ಮುಚ್ಚಿದ ಬಟ್ಟೆಯನ್ನು ಅವಳು ಯಾವ ಗಿರಾಕಿಗೂ ಹೊಲಿದಿರಲಿಲ್ಲ. ಮುಗಿದಾಗ ಅವನು ಅದನ್ನು ಆ ಕೋಣೆಯ ನೆಲದ ಮೇಲೆ ಇಟ್ಟ.

ಸೋಫಾದ ಪಕ್ಕದ ಗಂಗಾಶ್ರೀ ಬಂದಳು. ಬಟ್ಟೆಯ ಮೇಲೆ ನಿಂತಳು. ಒಮ್ಮೆಗೇ ಹಸಿರು ಸೀರೆ ಅವಳ ಮೈಮೇಲಿತ್ತು. ಅರಿಸಿನ ಅಂಚು ಸರಿಯಾಗಿ ಕಾಲಿನ ಹತ್ತಿರ ಬಿದ್ದಿತ್ತು, ಸೆರಗು ಹೆಗಲಿನಲ್ಲಿ ನಿಂತಿತ್ತು, ತಲೆ ಎಡಕ್ಕೆ ಓರೆಯಾಗಿ ಅವಳು ಈಗ ಯಾರದೋ ಮನೆಗೆ ಅರಿಸಿನ ಕುಂಕುಮಕ್ಕೆ ಹೊರಟವಳಂತೆ ಇದ್ದಳು. ನಯನಳ ಕಣ್ಣು ತುಂಬಿತು. ಇರಲಿ, ಹೀಗೇ ಇರಲಿ, ಎಂದುಕೊಂಡಳು. ಎರಡು ಉಸಿರಿನಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ಸೀರೆ ಇರಲಿಲ್ಲ. ಆಮೇಲೆ ಇತ್ತು. ಇರಲಿಲ್ಲ. ಇತ್ತು. ಹಿಂದೆ ಕೂತವರು ಯಾರೋ ಅದನ್ನು ಉಡಿಸಿ ಬಿಚ್ಚಿ, ಉಡಿಸಿ ಬಿಚ್ಚಿ ನೋಡುತ್ತಿದ್ದರು. ಬೆಕ್ಕಿನ ಮುಖದವರು, ರೆಕ್ಕೆಯವರು ಸುತ್ತ ಸೇರಿದರು. ಮೊದಲ ಇಳಕಲ್ ಸೀರೆಗೆ ಸೇರಿದ ಹಾಗೆಯೇ. ಮೊದಲು ಅಲ್ಲಿ ಬಿಚ್ಚಲು ಬಟ್ಟೆ ಇರಲಿಲ್ಲ. ಅದನ್ನೂ ನಯನ ಹೊಲಿದು ಕೊಟ್ಟಿದ್ದಳು.

ಲೈನು ತಾನಾಗಿಯೇ ಕಡಿಯಿತು.

"ನಾನು ಬೇಕಂತ ಮಾಡ್ಲಿಲ್ಲಮ್ಮ," ಎಂದ ಸಿದ್ಧಲಿಂಗೇಶ್. ನಯನ ತಲೆ ಆಡಿಸಿದಳು. ಅವಳೂ ಬೇಕಂತ ಮಾಡಿರಲಿಲ್ಲ. ಕಂಪ್ಯೂಟರಿಗೆ ಗವಸು ಹಾಕಿ, ಲೇಸು ಎಳೆದು ಸರಿ ಮಾಡಿದಳು, ಅದು ಅಭ್ಯಾಸ.

ಮೆಟ್ಟಿಲು ಇಳಿಯುವಾಗ ಅವ್ವನ ಮಾತು ನೆನಪಾಯಿತು. ಅವ್ವ ಎಂದೂ ಫೋಟೋ ತೆಗೆಸಿಕೊಂಡವಳಲ್ಲ, ರೇಷನ್ ಕಾರ್ಡಿಗೆ ಬೇಕು ಎಂದರೂ ಒಪ್ಪಿರಲಿಲ್ಲ. ಒಂದು ಮಧ್ಯಾಹ್ನ ಬೀಡಿ ಎಲೆ ಕತ್ತರಿಸುತ್ತ, ಕೇಳದೆಯೇ ಹೇಳಿದ್ದಳು. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಇತ್ತು, ಅವ್ವನಿಗೆ ಆಗ ಮದುವೆಯಾಗಿ ವರ್ಷವಾಗಿತ್ತು, ಹೊಳೆಯಲ್ಲಿ ಮುಳುಗಿ, ಬಟ್ಟೆ ಬಿಟ್ಟು ಬರೀ ಬೇವಿನ ಸೊಪ್ಪು ಉಟ್ಟು ಗುಡ್ಡ ಹತ್ತಿದ್ದಳು. ಅಮ್ಮನ ಎದುರು ನಾಚಿಕೆ ಇರುವುದಿಲ್ಲ, ಸುತ್ತ ಇದ್ದವರೆಲ್ಲ ಹಾಗೇ ಇದ್ದರು, ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ದಾರಿಯ ತಿರುವಿನ ಬಂಡೆಯ ಮೇಲೆ ಪ್ಯಾಂಟು ತೊಟ್ಟವನೊಬ್ಬ ಕೂತಿದ್ದ, ಅವನ ಕಣ್ಣಿನ ಜಾಗದಲ್ಲಿ ಕ್ಯಾಮೆರಾ ಇತ್ತು. ಅಷ್ಟೇ. ಅವನು ಏನೂ ಅನ್ನಲಿಲ್ಲ, ಮುಟ್ಟಲಿಲ್ಲ. "ನಾನು ಕೆಳಗೆ ಬಂದು ಸೀರೆ ಉಟ್ಕಂಡೆ, ನಿನ್ನ ಹೆತ್ತೆ, ಮುದುಕಿ ಆದೆ," ಎಂದಿದ್ದಳು ಅವ್ವ, ಎಲೆ ಕತ್ತರಿಸುವುದನ್ನು ನಿಲ್ಲಿಸದೆ. "ಅವನ ಹತ್ರ ನಾನು ಇನ್ನೂ ಹಂಗೇ ಇದೀನಿ." ಆಗ ನಯನಳಿಗೆ ಅದು ಅರ್ಥವಾಗಿರಲಿಲ್ಲ. ಇನ್ನೂ ಎಂದರೆ ಎಷ್ಟು ವರ್ಷ ಎಂದು ಕೇಳಿದ್ದಳು, ಪೆದ್ದಿಯ ಹಾಗೆ.

ರಾಜೇಶ್ವರಮ್ಮ ಜಗಲಿಯಲ್ಲೇ ಕಾಯುತ್ತಿದ್ದರು. "ಅಂತೂ ಬಂದ್ಯವ್ವಾ. ಭಾನುವಾರ ರಾಣೆಬೆನ್ನೂರಿನೋರು ನೋಡಾಕ ಬರ್ತಾರ, ಇನ್ನೂ ಬ್ಲೌಸು ಇಲ್ಲಂದ್ರ ಹೆಂಗ? ಹೋಗು, ಒಳಗ ಹಾಕಿಸಿ ನೋಡು, ಏನರೇ ಇದ್ರ ಇಲ್ಲೇ ಸರಿ ಮಾಡಿ ಕೊಟ್ಟು ಹೋಗು."

ಗಂಗಾಶ್ರೀ ಅವಳ ಕೈ ಹಿಡಿದು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಹೊಸ ರವಿಕೆಯ ಮಡಿಕೆ ಬಿಚ್ಚಿದಾಗ ಫೋಟೋ ಮಂಚದ ಮೇಲೆ ಬಿತ್ತು. "ಅಯ್ಯ, ಇದು ಇಲ್ಲೇ ಐತಿ! ಅಪ್ಪಾಜಿ ಮನಿ ತುಂಬ ಹುಡುಕಿದ್ರು. ರಾಣೆಬೆನ್ನೂರಿನೋರು ಕಳಿಸ್ರಿ ಅಂದ್ರೂ ಕಳಿಸಲಿಲ್ಲ ನೋಡು ಅಪ್ಪಾಜಿ. ಕಂಡಕಂಡವರ ಕೈಗೆ ಹೆಣ್ಣಿನ ಫೋಟೋ ಹೋಗಬಾರದು, ನೋಡಬೇಕಂದ್ರ ಮನಿಗೇ ಬರ್ಲಿ ಅಂದ್ರು." ಅವಳು ನಕ್ಕಳು. "ನಾ ಹೇಳಿದೆ, ನಯನಾನ ಹತ್ರ ಇದ್ರೂ ಇರಬೌದು, ಇದ್ರ ಚಿಂತಿಲ್ಲ ಅಂತ."

ಚಿಂತೆ ಇಲ್ಲ. ನಯನಳಿಗೆ ಕಾಲಿನ ಕೆಳಗಿನ ನೆಲ ತಣ್ಣಗೆ ಅನ್ನಿಸಿತು. ಈಗ ಹೇಳದಿದ್ದರೆ ಇನ್ನು ಎಂದೂ ಇಲ್ಲ. "ಅಕ್ಕಾ," ಎಂದಳು. "ಒಂದು ತಪ್ಪಾಗಿದೆ. ಆ ಫೋಟೋ ನಾನು ಕಂಪ್ಯೂಟರ್ ಸೆಂಟರಲ್ಲಿ ಕೊಟ್ಟಿದ್ದೆ. ತೋಳು ನೋಡಕ್ಕೆ. ಅದು ಅದರೊಳಗೆ ಹೋಗಿಬಿಡ್ತು. ಈಗ ಬೇರೆ ದೇಶದೋರೆಲ್ಲ ನೋಡ್ತಾ ಇದಾರೆ. ತೆಗಿಯಕ್ಕೆ ಆಗದಿಲ್ವಂತೆ."

ಹೇಳಿ ಮುಗಿಸಿ, ಹೊಡೆತಕ್ಕೆ ಕಾಯುವವಳ ಹಾಗೆ ನಿಂತಳು. ಗಂಗಾಶ್ರೀ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅವಳ ಮುಖದಲ್ಲಿ ನಿಧಾನಕ್ಕೆ, ನಯನ ಎಣಿಸದೇ ಇದ್ದದ್ದೊಂದು ಮೂಡಿತು. "ಫಾರಿನ್ನೋರಾ? ನನ್ನ ಫೋಟೋನಾ?" ಬಾಯಿಗೆ ಕೈ ಇಟ್ಟುಕೊಂಡಳು. "ಏ, ಸುಳ್ಳು ಹೇಳಬ್ಯಾಡ! ಅಪ್ಪಾಜಿಗೆ ಹೇಳೀಯ ಮತ್ತ, ಕೊಂದುಬಿಡ್ತಾರ." ಆದರೆ ಕಣ್ಣು ಹೊಳೆಯುತ್ತಿತ್ತು. ಈ ಕೋಣೆ, ಜಗಲಿ, ತಂಗಿಯ ಶಾಲೆ ಬಿಟ್ಟರೆ ಬೇರೆ ಕಾಣದವಳು, ಇಪ್ಪತ್ತೆರಡು ವರ್ಷ ಈ ಮನೆಯ ಬಾಗಿಲುಗಳ ಹಿಂದೆಯೇ ಬೆಳೆದವಳು. ಕನ್ನಡಿಯ ಹತ್ತಿರ ಹೋಗಿ, ದನಿ ಇಳಿಸಿ ಕೇಳಿದಳು, "ಅಲ್ಲಿ ಯಾವ ಸೀರೀಲಿ ಇದ್ದೀನೇ?"

ಹಿತ್ತಲಿನಲ್ಲಿ ಯಾರೋ ಕೊಡ ಇಳಿಸಿದ ಸದ್ದಾಯಿತು. ನಯನ ಕನ್ನಡಿಯಲ್ಲಿ ಅವಳ ಮುಖ ನೋಡಿದಳು. ತಲೆ ಎಡಕ್ಕೆ ಓರೆಯಾಗಿತ್ತು, ಯಾರೂ ಹೇಳದೆಯೇ.

"ಹಸಿರು," ಎಂದಳು ನಯನ. "ಅರಿಸಿನ ಅಂಚಿಂದು."

"ಚೆಂದ ಕಾಣ್ತೈತೇನು?"

"ಹೌದು."

"ಸೆರಗು ಹೊದ್ದೀನೋ, ಬಿಟ್ಟೀನೋ?"

"ಹೊದ್ದಿದೀರಿ."

ಗಂಗಾಶ್ರೀ ತೃಪ್ತಿಯಿಂದ ತಲೆಯಾಡಿಸಿದಳು. ಹೊಸ ರವಿಕೆ ಎತ್ತಿಕೊಂಡು ಬುಗ್ಗೆ ತೋಳನ್ನು ಬೆರಳಿನಲ್ಲಿ ಒತ್ತಿ ನೋಡಿದಳು, ಹುಕ್ಕು ಎಳೆದು ನೋಡಿದಳು. ಉಟ್ಟ ಸೀರೆಯ ಸೆರಗಿಗೆ ಕೈ ಹಾಕಿದವಳು ನಿಂತಳು, ಕೆನ್ನೆ ಕೆಂಪಾಯಿತು.

"ಏ ನಯನಾ, ಆ ಕಡೆ ತಿರುಗೇ. ನೋಡಬ್ಯಾಡ. ನನಗ ನಾಚಿಕಿ."

ನಯನ ಗೋಡೆಗೆ ಮುಖ ಮಾಡಿ ನಿಂತಳು. ಹಿಂದೆ ಹುಕ್ಕುಗಳು ಒಂದೊಂದಾಗಿ ಬಿಚ್ಚುವ ಸಣ್ಣ ಸದ್ದು ಕೇಳಿಸಿತು. ಗೋಡೆಯ ಸುಣ್ಣದಲ್ಲಿ ಒಂದು ಬಿರುಕು ಮೇಲಿನಿಂದ ಕೆಳಕ್ಕೆ ಇಳಿದಿತ್ತು. ಅವಳು ಅದನ್ನೂ ನೋಡಬಾರದೆಂದು ಕಣ್ಣು ಮುಚ್ಚಿಕೊಂಡಳು.